ಗೆದ್ದಲಿನ ವ್ಯಾಪಾರಕ್ಕೆ ಬೆಲೆ ಕಟ್ಟಿದ್ದು

ಕುಟುಂಬದ ವ್ಯಾಪಾರವನ್ನು ಮಾರುವ ಪ್ರಸಂಗವು ನಮ್ಮಲ್ಲಿ ಅನೇಕರಿಗೆ ಒದಗುವದುಂಟು. ಆಗ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ ನೋಡುವ ಕೆಲಸವು ಬಹುಶಃ ಹೆಂಡತಿಗೋ ಮಗಳಿಗೋ ಬರುವದು. ಆದದರಿಂದ ನಮ್ಮ ಮನೆಯ ಅನುಭವವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದೆ ಇಡುತ್ತೇನೆ.

ನನ್ನ ಯಜಮಾನರು ಮಂಗಳೂರಿನಲ್ಲಿ ಗೆದ್ದಲು, ಜಿರಲೆ, ಇಲಿ ಮೊದಲಾದವುಗಳ ಉಪದ್ರವವನ್ನು ನಿವಾರಿಸುವ ಉದ್ಯೋಗವನ್ನು 24 ವರ್ಷ ನಡಿಸಿದರು. ಕರಾವಳಿಯ ತೇವಕ್ಕೂ ಹಂಚಿನ ಮನೆಗಳ ಮರಕ್ಕೂ ಗೆದ್ದಲಿಗೂ ಇರುವ ಸಂಬಂಧವನ್ನು ನಾನು ವಿವರಿಸಬೇಕಾಗಿಲ್ಲ. ಮೊದಲ ಮಳೆಗೆ ರೆಕ್ಕೆಯ ಗೆದ್ದಲುಗಳು ದೀಪಕ್ಕೆ ಮುತ್ತಿದ ಮರುದಿನವೇ ಜನರು ನಮ್ಮನ್ನು ಕರೆಯುತ್ತಿದ್ದರು. ಯಜಮಾನರಿಗೆ ಮೊಣಕಾಲಿನ ನೋವು ಹೆಚ್ಚಿ, ಮಗನು ಪರಊರಿನಲ್ಲಿ ಬೇರೆ ಉದ್ಯೋಗ ಹಿಡಿದ ಮೇಲೆ ಮಾರುವದೇ ಸರಿಯೆಂದು ತೋರಿತು.

ಪಂಪುಗಳು, ನೆಲ ಕೊರೆಯುವ ಯಂತ್ರಗಳು, ಒಂದು ಹಳೆಯ ವ್ಯಾನು, ಇವುಗಳಿಗೆ ಬರುವ ಹಣವು ಅಲ್ಪವೇ. ಇಂಥ ಉದ್ಯೋಗದ ಬೆಲೆಯು ಅದರ ಲಾಭವನ್ನು ಅನುಸರಿಸುವದು. ಆದರೆ ಲಾಭವೆಂಬದು ಯಾವದು? ಯಜಮಾನರು ತಮಗೆ ಸಂಬಳವನ್ನು ಬರೆದುಕೊಂಡವರಲ್ಲ. ಲೆಕ್ಕವಿಟ್ಟ ನನಗೂ ಸಂಬಳವಿರಲಿಲ್ಲ. ಪುಸ್ತಕದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಲಾಭ ಕಾಣುತ್ತದೆನ್ನೋಣ. ಆ ಇಬ್ಬರ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ 7 ಲಕ್ಷ ತಗಲುವದಾದರೆ ಉಳಿಯುವ ನಿಜವಾದ ಲಾಭವು 5 ಲಕ್ಷವೇ. ಮೂರು ವರ್ಷದ ಲಾಭವನ್ನು ಬೆಲೆಯೆಂದು ಹಿಡಿದರೆ 36 ಲಕ್ಷವೆಂದು ನೆನಸಿದವರಿಗೆ 15 ಲಕ್ಷ ಸಿಕ್ಕುವದು.

ಕೊಳ್ಳುವವರು ವಾರ್ಷಿಕ ಕರಾರುಗಳನ್ನು ಮೊದಲು ಕೇಳುತ್ತಾರೆ. ಹೋಟೆಲು, ಆಸ್ಪತ್ರೆ, ಉಗ್ರಾಣಗಳಿಂದ ತಿಂಗಳು ತಿಂಗಳು ಬರುವ ಹಣಕ್ಕೆ ಬೆಲೆ ಹೆಚ್ಚು. ಒಂದೇ ಸಾರಿ ಕರೆದು ಮರೆಯುವ ಮನೆಗಳಿಗೆ ಕಡಿಮೆ. ಮೇಲಾಗಿ, ನಮ್ಮಂಥ ಊರಿನಲ್ಲಿ ಕೊಳ್ಳತಕ್ಕವರೇ ವಿರಳ. ಈ ಉದ್ಯೋಗಕ್ಕೆ 1968ರ ಕೀಟನಾಶಕ ಕಾಯಿದೆಯ ಮೇರೆಗೆ ಪರವಾನಿಗೆ ಬೇಕು. ಅದಕ್ಕೆ ಕೃಷಿಯಲ್ಲಾಗಲಿ, ರಸಾಯನಶಾಸ್ತ್ರ ಸಹಿತವಾದ ವಿಜ್ಞಾನದಲ್ಲಾಗಲಿ ಪದವಿ ಹೊಂದಿ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಸಂಸ್ಥೆಯಲ್ಲಿ ತರಬೇತು ಪಡೆದವರಿರಬೇಕು. ಹಣವಿದ್ದ ಮಾತ್ರಕ್ಕೆ ಯಾರೂ ಇದನ್ನು ಕೊಂಡು ನಡಿಸಲಾರರು.

ಇನ್ನು ಯಾವ ಪುಸ್ತಕದಲ್ಲಿಯೂ ಬರೆಯದ ಒಂದು ಸಾಲವಿತ್ತು. ಕಟ್ಟಿದ ಮನೆಗೆ ಗೆದ್ದಲಿನ ಔಷಧ ಹಾಕುವಾಗ ಗೋಡೆಯ ಬುಡದಲ್ಲಿ ಸುಮಾರು ಒಂದೊಂದು ಅಡಿಗೆ ತೂತು ಕೊರೆದು, ಔಷಧವನ್ನು ಇಳಿಸಿ, ತೂತನ್ನು ಮುಚ್ಚುತ್ತಾರೆ. ಐದು ವರ್ಷದೊಳಗೆ ಗೆದ್ದಲು ಮರಳಿ ಬಂದರೆ ಹಣವಿಲ್ಲದೆ ತಿರಿಗಿ ಮಾಡಿಕೊಡುವೆವೆಂದು ಯಜಮಾನರು ಗ್ಯಾರಂಟಿ ಪತ್ರ ಕೊಡುತ್ತಿದ್ದರು. ಅವಧಿ ಮುಗಿಯದ ಅಂಥ ಪತ್ರಗಳನ್ನು ನಾನು ಎಣಿಸಿದಾಗ 140 ಆದವು.

ಹೊರಗಿನ ಒಂದು ದೊಡ್ಡ ಕಂಪನಿಯವರು ಹೆಚ್ಚಿನ ಬೆಲೆಯನ್ನು ಹೇಳಿದರು. ಆದರೆ ಕರಾರುಗಳು ಮಾತ್ರ ಬೇಕು, ಗ್ಯಾರಂಟಿಗಳು ಬೇಡವೆಂದರು. ಸಮೀಪದ ಊರಿನಲ್ಲಿ ಇದೇ ಉದ್ಯೋಗ ನಡಿಸುತ್ತಿದ್ದ ಒಬ್ಬ ತರುಣರು 4 ಲಕ್ಷ ಕಡಿಮೆ ಹೇಳಿ, ಪತ್ರಗಳನ್ನೂ ನಮ್ಮ ಐವರು ಕೆಲಸಗಾರರನ್ನೂ ವಹಿಸಿಕೊಳ್ಳಲು ಒಪ್ಪಿದರು. ನಮ್ಮಂಥವರಿಗೆ 4 ಲಕ್ಷವು ಸಣ್ಣ ಮೊತ್ತವಲ್ಲ. ಎರಡು ರಾತ್ರಿ ನಾವು ಅದನ್ನೇ ಮಾತಾಡಿದೆವು. ಕಡೆಗೆ ಯಜಮಾನರು, "ಕಾಗದದ ಮೇಲಿರುವದು ನನ್ನ ರುಜು. ಅದನ್ನು ನಂಬಿದವರನ್ನು ಬಿಟ್ಟುಕೊಟ್ಟ ಮೇಲೆ ಈ ಊರಿನ ಬೀದಿಯಲ್ಲಿ ಹೇಗೆ ನಡೆಯಲಿ?" ಎಂದರು. ತರುಣರಿಗೇ ಮಾರಿದೆವು.

ಬೆಲೆಯ ನಾಲ್ಕರಲ್ಲಿ ಒಂದು ಪಾಲನ್ನು ಒಂದು ವರ್ಷದ ತನಕ ತಡೆದಿಟ್ಟು, ಗಿರಾಕಿಗಳು ಉಳಿದ ಪ್ರಮಾಣದಲ್ಲಿ ಕೊಡತಕ್ಕದ್ದೆಂದು ಪತ್ರವಾಯಿತು. ಯಜಮಾನರು ಆರು ತಿಂಗಳು ಕೋಲೂರಿಕೊಂಡು ಅವರೊಡನೆ ಮನೆಮನೆಗೆ ಹೋಗಿ ಪರಿಚಯ ಮಾಡಿಸಿದರು. ವರ್ಷಾಂತ್ಯಕ್ಕೆ ಕೆಲವೇ ಗಿರಾಕಿಗಳು ತಪ್ಪಿದ್ದರು. ತಡೆದ ಹಣದಲ್ಲಿ ಹೆಚ್ಚಿನ ಭಾಗವು ಕೈಸೇರಿತು. ಆ ಮಳೆಗಾಲದಲ್ಲಿ ಮೂರು ಮನೆಗಳಲ್ಲಿ ಗೆದ್ದಲು ಮರಳಿ ಬಂದಾಗ ತರುಣರು ಚಕಾರವೆತ್ತದೆ ಹೋಗಿ ಔಷಧ ಹಾಕಿದರು.

ಪ್ರಿಯ ಸಹೋದರಿಯರೇ, ನಿಮ್ಮ ಮನೆಯ ಲೆಕ್ಕವನ್ನು ನೀವೇ ಓದಲು ಕಲಿಯಿರಿ. ಬರತಕ್ಕ ಹಣದೊಂದಿಗೆ ಕೊಟ್ಟ ಮಾತುಗಳನ್ನೂ ಎಣಿಸಿರಿ. ಕೂಲಿ ಬರೆಯದ ನಿಮ್ಮ ದುಡಿಮೆಯನ್ನೂ ಲೆಕ್ಕಕ್ಕೆ ತಂದುಕೊಳ್ಳಿರಿ.