ಕೈಗೊಂದು ಆಸರೆ: ಮೂಡುಬಿದಿರೆಯಿಂದ ಬಂಟ್ವಾಳಕ್ಕೆ

ಸೋದರಿಯರೆ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಎಂದೊಡನೆ ನಿಮಗೆ ಬಸದಿ, ದೇವಸ್ಥಾನ, ಜಾತ್ರೆಗಳು ನೆನಪಾಗಬಹುದು. ನಾನು ಈ ಸಲ ಮೂರೂ ಊರು ಸುತ್ತಿದ್ದು ಹಡಗಿನ ರೇಲಿಂಗಿನ ದೆಸೆಯಿಂದ! ನಗಬೇಡಿ, ಕೇಳಿ.

ನನ್ನ ತಮ್ಮ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯೊಂದರಲ್ಲಿ ದುಡಿಯುತ್ತಾನೆ. ಮಂಜಿ ಎಂದರೆ ಮರದ ಹಡಗು. ಹಿಂದೆ ಹಾಯಿ ಬಿಚ್ಚಿ ಗಾಳಿಯನ್ನೇ ನಂಬಿ ಹೋಗುತ್ತಿತ್ತು, ಈಗ ಇಂಜಿನು ಉಂಟು. ಬೇಸಿಗೆಯ ಕೊನೆಯ ಪ್ರಯಾಣದಲ್ಲಿ ಮಂಜಿ ತೆರೆಗೆ ವಾಲಿದಾಗ ಅವನು ಡೆಕ್ಕಿನ ಅಂಚಿನ ರೇಲಿಂಗು ಹಿಡಿದನಂತೆ. ಅದು ಬುಡಸಮೇತ ಕೈಯಲ್ಲೇ ಬಂತು! ಜೊತೆಯವನು ಅಂಗಿ ಹಿಡಿದೆಳೆದದ್ದರಿಂದ ತಮ್ಮ ಇಂದು ನಮಗೆ ಉಳಿದಿದ್ದಾನೆ. ಮಳೆಗಾಲದಲ್ಲಿ ಮಂಜಿಗಳು ಕಡಲಿಗೆ ಇಳಿಯುವುದಿಲ್ಲ, ಅದು ದುರಸ್ತಿಯ ಕಾಲ. ಹೊಸ ರೇಲಿಂಗಿಗೆ ಮರ ನೋಡಲು ಅವನು ಹೊರಟಾಗ ನಾನೂ ಬೆನ್ನು ಹತ್ತಿದೆ.

ಮೊದಲು ಮೂಡುಬಿದಿರೆ. ಅಲ್ಲಿ ತಮ್ಮನಿಗೆ ಪರಿಚಯದ ಹಿರಿಯ ಆಚಾರ್ರೊಬ್ಬರು ಇದ್ದಾರೆ. ಅವರೊಂದಿಗೆ 1430ರ ಸಾವಿರ ಕಂಬದ ಬಸದಿಗೂ ಹೋದೆವು. ಇಳಿಜಾರಿನ ಮಾಡು ತೋರಿಸಿ ಅವರು ಹೇಳಿದರು: “ನೋಡಿ ಅಮ್ಮ, ಎಲ್ಲಿಯೂ ನೀರು ನಿಲ್ಲುವುದಿಲ್ಲ. ಸುರಿದು ಹೋದ ಮಳೆ ಮರಕ್ಕೆ ಎಂತ ಮಾಡೀತು? ನಿಂತ ನೀರೇ ಮರವನ್ನು ತಿನ್ನುವುದು.”

ರೇಲಿಂಗಿನ ಕತೆಯೂ ಅಷ್ಟೇ. ಮೇಲಿನ ಕಂಬಿ ಫಳಫಳ ಹೊಳೆಯುತ್ತಿರುತ್ತದೆ, ಕಂಬ ಡೆಕ್ಕಿಗೆ ಸೇರುವ ಬುಡದಲ್ಲಿ ಉಪ್ಪುನೀರು ಇಳಿದು ಒಳಗೊಳಗೇ ಕೊಳೆಯುತ್ತದೆ. ಪರೀಕ್ಷೆ ಸುಲಭ. ಮಡಕೆ ಕೊಳ್ಳುವಾಗ ನಾವು ತಟ್ಟಿ ನೋಡುವುದಿಲ್ಲವೇ? ಹಾಗೆಯೇ ಬುಡವನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಗಟ್ಟಿ ಮರ ಟಣ್ಣನೆ ಉತ್ತರ ಕೊಡುತ್ತದೆ, ಕೊಳೆತದ್ದು ಮಂಕಾಗಿ ‘ದೊಪ್’ ಎನ್ನುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆಯದೆ ಹೊಸ ಕಂಬ ನೆಟ್ಟರೆ ಪ್ರಯೋಜನವಿಲ್ಲ. ಬೋಲ್ಟನ್ನು ಬಿಗಿಯುವಾಗ ಡೆಕ್ಕಿನ ಅಡಿಯಲ್ಲಿ ಅಗಲವಾದ ಲೋಹದ ತುಂಡನ್ನು ಕೊಡಬೇಕು. ಗುಂಡಿ ಹೊಲಿಯುವಾಗ ಬಟ್ಟೆ ಹರಿಯದಿರಲೆಂದು ಹಿಂದೆ ಒಂದು ಚೂರು ಬಟ್ಟೆ ಇಡುತ್ತೀರಲ್ಲ, ಅದೇ ಉಪಾಯ! ಮರಕ್ಕೆ ಕಿರಾಲುಭೋಗಿಯೇ ಆಗಬೇಕೆಂದರು ಆಚಾರ್ರು. ದೋಣಿಗೆ ಹೆಸರಾದ ಗಟ್ಟಿ ಮರ ಅದು.

ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿಯ ಕಡೆ ಬಂದೆವು. ಹಳ್ಳಿಯೊಂದರ ತೂಗುಸೇತುವೆಯ ಮೇಲೆ ಕಾಲಿಟ್ಟಾಗ ನನ್ನ ಎದೆ ಡವಡವ! ನೆರೆಯ ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಅವರ ಈ ಕೆಲಸಕ್ಕೆ 2017ರಲ್ಲಿ ಪದ್ಮಶ್ರೀ ಬಂತು. ತಮ್ಮ ಕರ್ಚೀಫು ತೆಗೆದು ತಂತಿಹಗ್ಗದ ಮೇಲೆ ಮೆಲ್ಲಗೆ ಎಳೆದ. “ಅಕ್ಕ, ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ನೋಡಿದರೆ ಕೈ ಸೀಳೀತು. ಹಾಯಿದೋಣಿಯ ಅಂಚಿಗೆ ಕಟ್ಟುವ ತಂತಿಯನ್ನೂ ಹೀಗೆಯೇ ನೋಡುವುದು.”

ದೂರಕಡಲಿನ ಹಾಯಿದೋಣಿ ಪಂದ್ಯಗಳಲ್ಲಿ ಈ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರಕೂಡದಂತೆ. ಹೊದಿಕೆಯೊಳಗಿನ ತುಕ್ಕು ಕಣ್ಣಿಗೆ ಬೀಳದು. ನಿಮ್ಮ ಹಿತ್ತಿಲಿನ ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ತಂತಿ ಇದ್ದಕ್ಕಿದ್ದಂತೆ ತುಂಡಾಗುವುದೇಕೆಂದು ಈಗ ತಿಳಿಯಿತಲ್ಲ? ಎಳೆ ಹರಿದ ತಂತಿಗೆ ಗಂಟು ಹಾಕಿ ದಿನ ದೂಡಬಾರದು, ಇಡಿಯಾಗಿ ಬದಲಿಸಬೇಕು.

ನಮ್ಮ ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಹೆಣ್ಣುಮಕ್ಕಳು ‘ತಾರಿಣಿ’ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಲೋಕವನ್ನೇ ಸುತ್ತಿ, 2025ರ ಮೇ 29ರಂದು ಮರಳಿದರು. ಇಂಥ ಪ್ರಯಾಣದಲ್ಲಿ ಅಂಚಿನ ತಂತಿಯೊಂದನ್ನೇ ನೆಚ್ಚುವುದಿಲ್ಲ, ಮೈಗೆ ಕಟ್ಟಿದ ಪಟ್ಟಿಯನ್ನೂ ದೋಣಿಗೆ ಕೊಕ್ಕೆ ಹಾಕಿಕೊಳ್ಳುತ್ತಾರೆ. ಧೈರ್ಯವಂತರಿಗೂ ಆಸರೆ ಬೇಕು ನೋಡಿ.

ಸಂಜೆ ಬಂಟ್ವಾಳದ ತವರುಮನೆ ಸೇರಿದೆವು. ನೇತ್ರಾವತಿ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಒಂದು ಕಾಲದಲ್ಲಿ ಇಲ್ಲಿಂದಲೇ ಸರಕಿನ ದೋಣಿಗಳು ಮಂಗಳೂರಿಗೆ ಹೋಗುತ್ತಿದ್ದವು. 1923ರ ಮತ್ತು 1974ರ ನೆರೆಗಳ ಕತೆ ಈ ಊರಿನ ಮನೆಮನೆಯಲ್ಲಿ ಉಂಟು. ಅಮ್ಮ ಪತ್ರೊಡೆ ಬಡಿಸುತ್ತಾ ತಮ್ಮನ ಮುಖವನ್ನೇ ನೋಡುತ್ತಿದ್ದರು. ರೇಲಿಂಗಿನ ಸಂಗತಿಯನ್ನು ನಾವು ಅವರಿಗೆ ಹೇಳಿರಲಿಲ್ಲ. ಊಟವಾದ ಮೇಲೆ ತಮ್ಮ ಸದ್ದಿಲ್ಲದೆ ಎದ್ದು ಹೋಗಿ, ಅಮ್ಮ ದಿನಾ ಹಿಡಿದು ಹತ್ತುವ ಅಟ್ಟದ ಏಣಿಯ ಕೈಹಿಡಿಯನ್ನು ಅಲುಗಾಡಿಸಿ ನೋಡಿದ. ಬುಡದ ಮೊಳೆ ಸಡಿಲಾಗಿತ್ತು. ರಾತ್ರಿಯೇ ಸರಿಮಾಡಿದ.

ನಿಮ್ಮ ಮನೆಯಲ್ಲಿಯೂ ಏಣಿ, ಮಾಳಿಗೆಯ ಮೆಟ್ಟಿಲು, ಬಾವಿಕಟ್ಟೆಯ ಕಂಬಿ ಇದ್ದೀತು. ಮಕ್ಕಳೋ ಮುದುಕರೋ ನಂಬಿ ಅದನ್ನು ಹಿಡಿಯುವ ಮೊದಲು, ನಾಳೆ ಬೆಳಿಗ್ಗೆ ನೀವೇ ಒಮ್ಮೆ ಬುಡ ಹಿಡಿದು ಅಲುಗಿಸಿ ನೋಡಿ. ಆಗದೇ?