ಬಾವಿಯ ಬಳಿಯ ವೋಲ್ಟು

ಮಳವಳ್ಳಿಗೆ ಎರಡು ಹರದಾರಿ ದೂರದ ಆ ಹಳ್ಳಿಯಲ್ಲಿ ಗೌಡರ ಮೋಟಾರು ಸುಟ್ಟುಹೋದದ್ದು ಅದು ಮೂರನೆಯ ಸಲ. ಸುಟ್ಟ ಅರಗಿನ ಕಮಟು ವಾಸನೆ ಬಾವಿಯ ಸುತ್ತ ಇನ್ನೂ ಆರಿರಲಿಲ್ಲ. ಕಟ್ಟೆಯ ಮೇಲೆ ಕುಳಿತ ಗೌಡರು ಹಿಪ್ಪುನೇರಳೆಯ ಸಾಲುಗಳನ್ನು ನೋಡುತ್ತಿದ್ದರು. ಮನೆಯಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ ಆಗತಾನೆ ಎದ್ದಿದ್ದವು. ರೇಷ್ಮೆ ಸಾಕಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಇಷ್ಟು ತಿಳಿದರೆ ಸಾಕು: ಆ ಹಂತದ ಹುಳು ಹಗಲಿರುಳೆನ್ನದೆ ತಿನ್ನುತ್ತದೆ, ಬಾಡಿದ ಸೊಪ್ಪನ್ನು ಮಾತ್ರ ಒಲ್ಲದು. ಬೇಸಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಬೆಳೆಯೂ ಹೋಯಿತು, ಗೂಡೂ ಹೋಯಿತು.

"ಕರೆಂಟು ಪುಲ್ಲಾಗದೆ ಗೌಡ್ರೆ, ನಾನೇ ನೋಡಿದೀನಿ. ನಿಮ್ಮ ಮೋಟ್ರು ಗ್ರಾಚಾರವೇ ಸರಿಯಿಲ್ಲ," ಎಂದು ಹೇಳಿ ರಿಪೇರಿಯವನು ಅದನ್ನು ಮೋಟಾರು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿದ್ದನು. ಮತ್ತೆ ಸುರುಳಿ ಸುತ್ತಿಸುವ ಖರ್ಚು! ಮಂಡ್ಯದ ಹಾಸ್ಟೆಲಿನಲ್ಲಿದ್ದುಕೊಂಡು ಎರಡನೆಯ ಪಿ.ಯು.ಸಿ. ಓದುತ್ತಿದ್ದ ಮಗಳಿಗೆ ಆ ರಾತ್ರಿ ಗೌಡರು ಫೋನಿನಲ್ಲಿ ಹೇಳಿದ ಮಾತು ಚಿಕ್ಕದಾಗಿತ್ತು: "ಈ ವರ್ಸ ಮುಗಿಸ್ಬುಡು ಮಗ. ಮುಂದ್ಕೆ ನೋಡವ."

ಆ 'ನೋಡವ' ಎಂಬುದರ ಅರ್ಥ ಹುಡುಗಿಗೆ ಚೆನ್ನಾಗಿ ತಿಳಿದಿತ್ತು. ಅವಳ ಅಕ್ಕನಿಗೂ ಅದೇ ಮಾತನ್ನು ಹೇಳಿದ್ದರು.

ಅವಳ ಭೌತಶಾಸ್ತ್ರದ ಮೇಷ್ಟ್ರು ಮದ್ದೂರಿನವರು; ದಿನವೂ ರೈಲಿನಲ್ಲಿ ಬಂದು ಹೋಗುವವರು. ಮದ್ದೂರೆಂದೊಡನೆ ಜನ ವಡೆಯನ್ನು ನೆನೆಯುತ್ತಾರೆ, ಊರ ಮಗ್ಗುಲಲ್ಲಿ ಹರಿಯುವ ಶಿಂಷೆಯನ್ನು ನೆನೆಯುವುದಿಲ್ಲ ಎಂಬುದು ಅವರ ನಿತ್ಯದ ಕೊರಗು. ಪ್ರಯೋಗಶಾಲೆಯಲ್ಲಿ ಹಿಂದಿನ ವರ್ಷದವರ ರೆಕಾರ್ಡಿನಿಂದ ಅಂಕೆಗಳನ್ನು ಇಳಿಸಿಕೊಳ್ಳುವ ವಿದ್ಯಾರ್ಥಿಗಳನ್ನು ಕಂಡರೆ ಅವರಿಗೆ ಆಗದು. ಆಮ್ಮೀಟರು ಟೋಲುಗೇಟಿನ ಕಾವಲುಗಾರನಂತೆ, ಹೋಗುವವರನ್ನೆಲ್ಲ ಎಣಿಸಬೇಕಾದುದರಿಂದ ದಾರಿಯಲ್ಲಿಯೇ ನಿಲ್ಲಬೇಕು, ಆದರೆ ದಾರಿಗೆ ಅಡ್ಡಿಯಾಗಬಾರದು; ಆದ್ದರಿಂದ ಅದರ ರೋಧ ಅತ್ಯಲ್ಪ. ವೋಲ್ಟ್‌ಮೀಟರಾದರೋ ಎರಡು ಎಡೆಗಳ ಮಟ್ಟದ ವ್ಯತ್ಯಾಸವನ್ನು ಪಕ್ಕದಲ್ಲಿ ನಿಂತು ನೋಡತಕ್ಕದ್ದು. ಪ್ರವಾಹವನ್ನು ತಾನೇ ಕುಡಿದುಬಿಡದಂತೆ ಅದರ ರೋಧ ಬಹಳ ಹೆಚ್ಚು. ಇದು ಅವರ ವಿವರಣೆ. ಇವೆರಡನ್ನು ಅದಲುಬದಲು ಮಾಡಿ ಆಮ್ಮೀಟರನ್ನು ಕೋಶದ ಎರಡು ತುದಿಗಳಿಗೇ ಜೋಡಿಸುವ ಪುಣ್ಯಾತ್ಮನೊಬ್ಬ ಪ್ರತಿವರ್ಷವೂ ಹುಟ್ಟಿಯೇ ಹುಟ್ಟುತ್ತಾನೆ.

ಆ ವಾರದ ಪ್ರಯೋಗ ಕೋಶದ ಆಂತರಿಕ ರೋಧವನ್ನು ಕುರಿತದ್ದು. ಕೀಲಿ ತೆರೆದಿರುವಾಗ ಹುಡುಗಿಯ ವೋಲ್ಟ್‌ಮೀಟರಿನ ಮುಳ್ಳು ಒಂದೂವರೆಯ ಹತ್ತಿರ ನಿಂತಿತು. ಕೀಲಿ ಮುಚ್ಚಿ ಪ್ರವಾಹ ಹರಿಯತೊಡಗಿದೊಡನೆ ಮುಳ್ಳು ಕೆಳಗಿಳಿಯಿತು. ಕೀಲಿ ತೆರೆದಳು, ಮುಳ್ಳು ಮೇಲಕ್ಕೆ ಹೋಯಿತು. ನಾಲ್ಕಾರು ಸಲ ಹಾಗೆಯೇ ಮಾಡಿದಳು. ಜೊತೆಗಾತಿ ಬೇಸತ್ತು, "ಸಾಕು ಕಣೇ, ಬರ್ಕೋ," ಎಂದಳು.

ಹುಡುಗಿ ಬರೆದುಕೊಳ್ಳಲಿಲ್ಲ. ನೇರವಾಗಿ ಮೇಷ್ಟ್ರ ಬಳಿಗೆ ಹೋದಳು. "ಸಾರ್, ಮೋಟಾರು ನಿಂತಿದ್ದಾಗ ವೋಲ್ಟೇಜು ನೋಡಿದರೆ ಅದು ನಿಜ ಹೇಳುತ್ತದೆಯೆ?"

ಮೇಷ್ಟ್ರು ಕನ್ನಡಕ ತೆಗೆದು ಅವಳನ್ನು ನೋಡಿದರು. ಪ್ರಶ್ನೆ ಪಠ್ಯದ್ದಾಗಿರಲಿಲ್ಲ. ಸಂಗತಿಯನ್ನೆಲ್ಲ ಕೇಳಿದ ಬಳಿಕ ಹೇಳಿದರು: "ರಸ್ತೆಯ ಪೆಟ್ಟಿಗೆಯಿಂದ ಬಾವಿಯವರೆಗೆ ತಂತಿ ಎಷ್ಟುದ್ದ, ಎಷ್ಟು ದಪ್ಪ? ಅದನ್ನು ತಿಳಿದುಕೊಂಡು ಬಾ. ಒಂದು ಮಾತು, ತಾಯಿ: ಇಲ್ಲಿರುವುದು ಒಂದೂವರೆ ವೋಲ್ಟು. ಅಲ್ಲಿರುವುದು ಪ್ರಾಣ ತೆಗೆಯುವಂಥದು. ನೀನು ಕೈಯಿಡಬೇಡ, ಕಸುಬಿನವನೇ ಮುಟ್ಟಲಿ, ನೀನು ಓದು."

ಜಾರ್ಜ್ ಓಮ್ ಎಂಬ ಜರ್ಮನ್ ಉಪಾಧ್ಯಾಯ 1827ರಲ್ಲಿ ಪ್ರಕಟಿಸಿದ ನಿಯಮ ಎಷ್ಟು ಸರಳವೆಂದರೆ, ಮಕ್ಕಳು ಅದನ್ನು ಉರುಹೊಡೆದು ಮರೆತುಬಿಡುತ್ತಾರೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ವೋಲ್ಟು. ತಂತಿಯೂ ಒಂದು ರೋಧವೇ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಶನಿವಾರದ ಬಸ್ಸಿನಲ್ಲಿ ಊರಿಗೆ ಬಂದ ಹುಡುಗಿ ಹೊಲದ ಬದುವನ್ನು ಅಳೆದಳು: ಇನ್ನೂರು ಮೀಟರು. ಪ್ರವಾಹ ಹೋಗಿ ಬರಬೇಕಾದ್ದರಿಂದ ತಂತಿಯ ಲೆಕ್ಕ ನಾನೂರು. ತಾಮ್ರದ ತಂತಿಯ ಅಡ್ಡಕೊಯ್ತ ಎರಡೂವರೆ ಚದರ ಮಿಲಿಮೀಟರು. ರೋಧ ಸುಮಾರು 2.75 ಓಮ್. ಮೋಟಾರು ಹನ್ನೆರಡು ಆಂಪಿಯರ್ ಎಳೆಯುವುದಾದರೆ, ದಾರಿಯಲ್ಲಿಯೇ ಮೂವತ್ತಮೂರು ವೋಲ್ಟು ಮಾಯ!

ಭಾನುವಾರ ರಿಪೇರಿಯವನು ಹೊಸ ಸುರುಳಿಯ ಮೋಟಾರನ್ನು ತಂದು ಕೂರಿಸಿದನು. ಚಾಲೂ ಮಾಡುವ ಮೊದಲು ಮೀಟರು ಹಿಡಿದು ತೋರಿಸಿದನು: 224. "ನೋಡವ್ವ, ಪುಲ್ಲಾಗದೆ."

"ಅಣ್ಣ, ಓಡುವಾಗ ನೋಡು."

ಅವನು ನಕ್ಕನು, ಆದರೂ ನೋಡಿದನು. ರಸ್ತೆಯ ಪೆಟ್ಟಿಗೆಯಲ್ಲಿ 220. ಬಾವಿಯ ಬಳಿ 188. ಟಾಂಗ್ ಟೆಸ್ಟರಿನಲ್ಲಿ ಹನ್ನೆರಡು ಆಂಪಿಯರ್. ನಕ್ಕಿದ್ದವನು ಒಮ್ಮೆ ಮೀಟರನ್ನು ಅಂಗೈಗೆ ಬಡಿದು ಮತ್ತೆ ನೋಡಿದನು. ಅದೇ ಅಂಕೆ. ವೋಲ್ಟು ಇಳಿದರೂ ನೀರೆತ್ತುವ ಭಾರ ಇಳಿಯುವುದಿಲ್ಲ; ಅದನ್ನು ಪೂರೈಸಲು ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ; ಸುರುಳಿಯ ಕಾವು ಪ್ರವಾಹದ ವರ್ಗದಂತೆ ಏರುತ್ತದೆ. ಗ್ರಹಚಾರ ಕುಳಿತಿದ್ದುದು ಮೋಟಾರಿನಲ್ಲಲ್ಲ, ಬದುವಿನ ಮೇಲಿನ ತಂತಿಯಲ್ಲಿ.

ಇದೆಲ್ಲ ನಡೆದದ್ದು ಯಾವ ತಾಲ್ಲೂಕಿನಲ್ಲಿ ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಶಿವನಸಮುದ್ರದ ವಿದ್ಯುದಾಗಾರ ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಮುಂದೆ ನಿಂತು ನಡೆಸಿದ, ಇಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ರೂಪಿಸಿದ ಯೋಜನೆಯದು. ಅಯ್ಯರ್ 1901ರಲ್ಲಿ ತೀರಿಕೊಂಡರು. ಕಾವೇರಿಯ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರ ಜೂನ್ ತಿಂಗಳ ಕೊನೆಗೆ. ದೂರ ತೊಂಬತ್ತೆರಡು ಮೈಲಿ! ಅಷ್ಟು ದೂರ ಹೋಗಿಯೂ ಶಕ್ತಿ ದಾರಿಯಲ್ಲಿ ಸೋರಿಹೋಗದಂತೆ ಮಾಡಿದ ಉಪಾಯವೇ ಗೌಡರ ಬದುವಿನಲ್ಲಿ ಕೊರತೆಯಾಗಿದ್ದುದು. ವೋಲ್ಟನ್ನು ಮೂವತ್ತು ಸಾವಿರದಷ್ಟು ಮೇಲಕ್ಕೇರಿಸಿದರೆ ಅದೇ ಶಕ್ತಿಯನ್ನು ಸಾಗಿಸಲು ಅಲ್ಪ ಪ್ರವಾಹ ಸಾಕು. ವೋಲ್ಟು ಹತ್ತರಷ್ಟಾದರೆ ಪ್ರವಾಹ ಹತ್ತನೆಯ ಒಂದಂಶ. ತಂತಿಯಲ್ಲಿ ಕಾವಾಗಿ ಹೋಗುವ ನಷ್ಟ ನೂರನೆಯ ಒಂದಂಶ. ಬೆಂಗಳೂರಿಗೆ 1905ರಲ್ಲಿ ದೀಪ ಬಂದಿತು. ಮದ್ದೂರಿನ ಶಿಂಷೆಯೂ ಕೆಳಗೆ ಇದೇ ತಾಲ್ಲೂಕಿನಲ್ಲಿ ಧುಮುಕಿ 1940ರಿಂದ ವಿದ್ಯುತ್ತನ್ನು ಕೊಟ್ಟಿತು. ಮೊದಲ ಫಲ ಮಾತ್ರ ಗಣಿಗಳಿಗೆ. ಸುತ್ತಣ ಹಳ್ಳಿಯ ಹಿರಿಯರು ಬಹುಕಾಲ ಹರಳೆಣ್ಣೆಯ ದೀಪದಲ್ಲಿಯೇ ಉಂಡರು.

ಹೊಲದಲ್ಲಿ ಮೂವತ್ತು ಸಾವಿರ ವೋಲ್ಟು ಏರಿಸುವಂತಿಲ್ಲ. ಉಳಿದ ದಾರಿ ದಪ್ಪ ತಂತಿ. ಹತ್ತು ಚದರ ಮಿಲಿಮೀಟರಿನದಾದರೆ ರೋಧ ಕಾಲುಭಾಗಕ್ಕೆ ಇಳಿಯುತ್ತದೆ. ಮಗಳು ನೋಟುಬುಕ್ಕಿನ ಹಿಂಬದಿಯಲ್ಲಿ ಇದನ್ನು ಬಿಡಿಸಿ ತೋರಿಸಲು ಹೊರಟಾಗ ಗೌಡರು ಕೈಯೆತ್ತಿ ತಡೆದರು. ಅವರು ಹುಟ್ಟಿದಂದಿನಿಂದ ನೀರು ಹಾಯಿಸಿದವರು.

"ಕಿರುಗಾಲ್ವೆಲಿ ಕೆರೆ ನೀರ ಬುಟ್ರೆ ಕೊನೆ ಗದ್ದೆಗೆ ಏನ್ ಬಂದಾತು? ಅಗಲ ಮಾಡ್ಬೇಕು ಅಂತೀಯೆ. ಅಷ್ಟೇ ತಾನೆ ಮಗ?"

"ಅಷ್ಟೇ ಕಣಪ್ಪ."

ತಾಮ್ರದ ಬೆಲೆ ಕೇಳಿ ಅವರ ಮುಖ ಬಾಡಿತು. ಮೂರು ಸಲ ಸುರುಳಿ ಸುತ್ತಿಸಿದ ಹಣವನ್ನು ಬೆರಳುಗಳ ಮೇಲೆ ಎಣಿಸಿದರು. ಎರಡನೆಯ ಸಲ ಎಣಿಸಲಿಲ್ಲ. ಮೊಮ್ಮಗನ ಮುಡಿಗೆಂದು ಇಟ್ಟಿದ್ದ ಗಂಟು ಆ ಸಂಜೆಯೇ ಬಿಚ್ಚಿತು. ದೇವರು ಒಂದು ವರ್ಷ ಕಾಯಬಲ್ಲ, ಹುಳು ಕಾಯದು ಎಂದು ಗೌಡಿತಿ ಹೇಳಿದಳಂತೆ.

ಮಂಗಳವಾರ ಹೊಸ ತಂತಿ ಎಳೆದರು. ಹುಡುಗಿ ಅಷ್ಟರಲ್ಲಿ ಮಂಡ್ಯಕ್ಕೆ ಹಿಂತಿರುಗಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಫೋನು ಬಂದಿತು. ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಗೌಡರು ಕುಶಲವನ್ನು ಕೇಳದೆ ಅಂಕೆಗಳನ್ನು ಒಂದೊಂದಾಗಿ, ತಪ್ಪಾದೀತೆಂಬ ಎಚ್ಚರದಿಂದ ಹೇಳಿದರು: "ಎರಡು... ಒಂದು... ಮೂರು. ಓಡ್ತಾ ಇರುವಾಗ್ಲೇ ನೋಡ್ದೆ ಮಗ."

ಆಮೇಲೆ, ಫೋನು ಇಡುವ ಮುನ್ನ, ಮುಂದಿನ ವರ್ಷದ ಫೀಜು ಕಟ್ಟಲು ಕೊನೆಯ ತಾರೀಖು ಯಾವುದೆಂದು ಕೇಳಿದರು.