ಭಾನುವಾರದ ಹಾಜರಿ

ಭಾನುವಾರ ಬೆಳಿಗ್ಗೆ ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ಒಂದಿಷ್ಟು ಜನ ಸತ್ಯವೇದವನ್ನು ಚೀಲದಲ್ಲಿಟ್ಟುಕೊಂಡು ಮನೆ ಬಿಟ್ಟಿರುತ್ತಾರೆ. ಕೆಲವರು ಪಕ್ಕದ ರಸ್ತೆಯ ಸಭೆಗೆ ನಡೆದೇ ಹೋಗುತ್ತಾರೆ. ಇನ್ನು ಕೆಲವರು ಬನಶಂಕರಿಯಿಂದ, ಜೆ.ಪಿ. ನಗರದಿಂದ ಬಸ್ಸು ಹಿಡಿದು ಕಾರ್ಪೊರೇಷನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯದವರೆಗೆ ಹೋಗುವವರು. 1904ರಲ್ಲಿ ಕಟ್ಟಿದ ಆ ಕನ್ನಡ ದೇವಾಲಯದಲ್ಲಿ ಅವರ ತಾತಂದಿರ ಮದುವೆ ಆಗಿರುತ್ತದೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಪೇಟೆಯ ಸಂಸಾರಗಳು ಒಂದೊಂದಾಗಿ ದಕ್ಷಿಣಕ್ಕೆ ಬಂದವು. ಸಭೆಯ ಪಟ್ಟಿಯಲ್ಲಿ ಹೆಸರು ಮಾತ್ರ ಅಲ್ಲೇ ಉಳಿಯಿತು.

ಇಷ್ಟು ದೂರ ಯಾಕೆ, ಮನೆಯಲ್ಲೇ ಪ್ರಾರ್ಥನೆ ಮಾಡಿದರೆ ದೇವರಿಗೆ ಕೇಳಿಸುವುದಿಲ್ಲವೇ ಎಂದು ಅಕ್ಕಪಕ್ಕದವರು ಪ್ರೀತಿಯಿಂದಲೇ ಕೇಳುತ್ತಾರೆ. ಖಂಡಿತ ಕೇಳಿಸುತ್ತದೆ. ಮನೆಯ ಪ್ರಾರ್ಥನೆ ಇಲ್ಲದ ಕ್ರೈಸ್ತ ಮನೆಯನ್ನು ನಾನು ಮೆಚ್ಚುವುದೂ ಇಲ್ಲ. ಆದರೆ ನಮ್ಮ ಆರಾಧನೆಯ ಕ್ರಮವನ್ನು ಒಮ್ಮೆ ಗಮನಿಸಿ. ಸಭಾಪಾಲಕರು ಒಂದು ಮಾತು ಹೇಳುತ್ತಾರೆ, ಸಭೆ ಮರುಮಾತು ಕೊಡುತ್ತದೆ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಒಂದೇ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚುತ್ತಾರೆ. ಒಬ್ಬಂಟಿಯಾಗಿ ಕರ್ತನ ಭೋಜನಕ್ಕೆ ಕೂರುವುದು ಹೇಗೆ? ಇಬ್ರಿಯರಿಗೆ ಬರೆದ ಪತ್ರಿಕೆಯ ಹತ್ತನೇ ಅಧ್ಯಾಯದಲ್ಲಿ, ಸಭೆಯಾಗಿ ಸೇರುವ ರೂಢಿಯನ್ನು ಕೆಲವರು ಬಿಟ್ಟಂತೆ ನೀವು ಬಿಡಬೇಡಿ ಎಂಬ ಬುದ್ಧಿವಾದ ಬರುತ್ತದೆ. ಅಂದರೆ ಈ ಆಲಸ್ಯ ಮೊದಲ ಶತಮಾನದಲ್ಲೇ ಶುರುವಾಗಿತ್ತು! ಆ ಪತ್ರಿಕೆ ಅದಕ್ಕೆ ಕೊಡುವ ಮದ್ದೂ ಸರಳ: ಒಬ್ಬರನ್ನೊಬ್ಬರು ಹುರಿದುಂಬಿಸಿ. ದೂರವಿದ್ದುಕೊಂಡು ಅದನ್ನು ಮಾಡುವುದು ಕಷ್ಟ.

ಎಷ್ಟು ಕಷ್ಟ ಎಂಬುದು 2020ರಲ್ಲಿ ತಿಳಿಯಿತು. ಏಪ್ರಿಲ್ 12ರ ಪುನರುತ್ಥಾನದ ಹಬ್ಬದಂದು ಬೆಂಗಳೂರಿನ ದೇವಾಲಯಗಳಿಗೆ ಬೀಗ. ಮೊಬೈಲನ್ನು ಮೇಜಿನ ಮೇಲೆ ಒರಗಿಸಿಟ್ಟು ಮನೆಮಂದಿಯೆಲ್ಲ ಅದರ ಮುಂದೆ ಕೂತೆವು. ಪ್ರಸಂಗ ಚೆನ್ನಾಗಿಯೇ ಕೇಳಿಸಿತು. ಹಾಡುವಾಗ ಮಾತ್ರ ನಮ್ಮ ನಾಲ್ಕು ಗಂಟಲುಗಳು ಬಡವಾದವು. ಜೂನ್ 8ರಂದು ಬಾಗಿಲು ತೆರೆದಾಗಲೂ ಗಾಯನ ಮಂಡಳಿ ಹಾಡುವಂತಿಲ್ಲ, ಧ್ವನಿಮುದ್ರಿಕೆ ಹಾಕಿಕೊಳ್ಳಿ ಎಂಬ ನಿಯಮವಿತ್ತು. ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ರೋಗದ ಕಾಲಕ್ಕೆ ಅದು ಸರಿಯಾದ ನಿಯಮವೇ. ಆದರೆ ನಮ್ಮ ಆರಾಧನೆಯ ಒಂದು ಭಾಗವೇ ಆಗ ನಿಂತುಹೋಯಿತು.

ಆ ಭಾಗದ ಬಗ್ಗೆ ನನಗೆ ಹೆಮ್ಮೆಯಿದೆ. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರಗಳಿಗೆ. ಬೇರೆಬೇರೆ ಪಂಗಡಗಳವರು ಕೂಡಿ ಆದ ಈ ಸಭೆ 1950ರಲ್ಲಿ ಹೊಸ ಆರಾಧನಾ ಕ್ರಮವನ್ನು ರೂಪಿಸಿಕೊಂಡಿತು. ಅದರಲ್ಲಿ ಒಬ್ಬರ ಕೈಯನ್ನು ಇನ್ನೊಬ್ಬರು ಎರಡೂ ಅಂಗೈಗಳ ನಡುವೆ ಹಿಡಿದು ಸಮಾಧಾನವನ್ನು ಕೊಡುವ ಪದ್ಧತಿ ಸೇರಿತು. ಅದು ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಮೊದಲಿನಿಂದ ಇದ್ದದ್ದು. ಪಶ್ಚಿಮದ ಸಭೆಗಳಲ್ಲಿ ಜನಸಾಮಾನ್ಯರ ನಡುವಿನಿಂದ ಮರೆಯಾಗಿತ್ತು. ಮುಂದೆ ಅಲ್ಲಿನ ಎಷ್ಟೋ ಸಭೆಗಳು ತಮ್ಮ ಕ್ರಮವನ್ನು ತಿದ್ದಿಕೊಳ್ಳುವಾಗ ನಮ್ಮ ಈ ಕ್ರಮವನ್ನು ಮುಂದಿಟ್ಟುಕೊಂಡವು. ಸಮಾಧಾನ ಕೊಡುವ ಹೊತ್ತಿಗೆ ಪಕ್ಕದಲ್ಲಿ ಯಾರಿರುತ್ತಾರೋ ಅವರ ಕೈಯನ್ನೇ ಹಿಡಿಯಬೇಕು. ಹಿಂದಿನ ವಾರ ಆಡಳಿತ ಸಮಿತಿಯಲ್ಲಿ ನಮ್ಮೊಡನೆ ಜಗಳವಾಡಿದವರೂ ಆಗಿರಬಹುದು. ಆ ಕೈ ಬೆಚ್ಚಗಿರುತ್ತದೆ. ಫೋನಿನಲ್ಲಿ ನಾವು ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದು, ಬೆಂಚಿನಲ್ಲಿ ಆ ಆಯ್ಕೆ ಇಲ್ಲ. ವಾರವಾರ ಹೋಗಬೇಕೆನ್ನಲು ನನಗೆ ಇರುವ ದೊಡ್ಡ ಕಾರಣ ಇದೇ.

ಇನ್ನೊಂದು ಕಾರಣ ದುಃಖದ ದಿನಗಳದ್ದು. ಮನೆಯಲ್ಲಿ ಸಾವಾದ ಮೇಲಿನ ಮೊದಲ ಭಾನುವಾರ ಹಾಡಲು ಬಾಯಿಯೇ ಏಳುವುದಿಲ್ಲ. ಆಗ ಹಿಂದಿನ ಸಾಲಿನವರು ಹಾಡುತ್ತಾರೆ. ವಿಶ್ವಾಸ ಪ್ರಮಾಣವನ್ನು ನಮ್ಮ ಪಾಲಿಗೂ ಸೇರಿಸಿ ಹೇಳುತ್ತಾರೆ. ನಾವು ಸುಮ್ಮನೆ ನಿಂತಿದ್ದರೂ ಆರಾಧನೆ ನಡೆಯುತ್ತದೆ. ಮನಸ್ಸು ಬಂದ ದಿನ ಮಾತ್ರ ಹೋಗುವವರಿಗೆ ಈ ಆಸರೆ ದಕ್ಕುವುದು ಕಡಿಮೆ. ಅವರು ಬರಲಿಲ್ಲವೆಂದು ಯಾರಿಗೂ ಅನ್ನಿಸುವುದಿಲ್ಲವಲ್ಲ.

ಬರಲಾಗದವರ ಮಾತು ಬೇರೆ. ಸುಮಾರು ಕ್ರಿ.ಶ. 155ರಲ್ಲಿ ಜಸ್ಟಿನ್ ಎಂಬಾತ ರೋಮಿನಲ್ಲಿ ಕುಳಿತು, ಊರಿನವರೂ ಹಳ್ಳಿಯವರೂ ಭಾನುವಾರ ಒಂದೆಡೆ ಸೇರಿ ಓದಿ, ಪ್ರಾರ್ಥಿಸಿ, ರೊಟ್ಟಿ ಹಂಚಿಕೊಳ್ಳುವುದನ್ನು ವಿವರಿಸಿದ್ದಾನೆ. ಬಾರದವರಿಗೆ ಅವರ ಪಾಲನ್ನು ಸಭಾಸೇವಕರು ಮನೆಗೆ ಒಯ್ಯುತ್ತಿದ್ದರು. ಬನಶಂಕರಿಯ ಮೂರನೇ ಮಹಡಿಯಲ್ಲಿ ಮಲಗಿದ ಹಿರಿಯರ ಮನೆಗೆ ನಮ್ಮ ಅಯ್ಯನವರು ಈಗಲೂ ಹಾಗೆಯೇ ಹೋಗುತ್ತಾರೆ. ಇವತ್ತು ಯಾರ್‍ಯಾರು ಬಂದಿದ್ದರು ಎಂಬುದು ಆ ಹಿರಿಯರ ಮೊದಲ ಪ್ರಶ್ನೆ.

ಬಿಟಿಎಂನ ಪಿ.ಜಿ.ಗಳಲ್ಲಿ ಬೀದರಿನ ಮೆಥೊಡಿಸ್ಟ್ ಮನೆಗಳ ಹುಡುಗರಿದ್ದಾರೆ, ಉಡುಪಿಯ ಬಾಸೆಲ್ ಮಿಷನ್ ಮನೆತನದ ಹುಡುಗಿಯರಿದ್ದಾರೆ. ರಾತ್ರಿ ಪಾಳಿ ಮುಗಿಸಿ ಭಾನುವಾರವಿಡೀ ಮಲಗುವ ಇವರನ್ನು ಬೈದು ಪ್ರಯೋಜನವಿಲ್ಲ. ಇವರಿಗಾಗಿ ಸಂಜೆ ಐದಕ್ಕೊಂದು ಕನ್ನಡ ಆರಾಧನೆ ಇಡಬಹುದು. ಕಾರಿರುವವರು ಬರುವ ದಾರಿಯಲ್ಲಿ ಇಬ್ಬರನ್ನು ಹತ್ತಿಸಿಕೊಳ್ಳಬಹುದು. ಆರಾಧನೆ ಮುಗಿದ ಮೇಲೆ ಟೀ ಕೊಟ್ಟು, ಯಾವ ಊರಪ್ಪ, ಯಾರ ಮಗಳಮ್ಮ ಎಂದು ಕೇಳಿ, ಹೆಸರು ನೆನಪಿಟ್ಟುಕೊಂಡರೆ ಮುಂದಿನ ವಾರ ಅವರು ತಾವಾಗಿಯೇ ಬರುತ್ತಾರೆ.